ಎರಡು ಕೆಂಪು ಬಿಲ್ಲೆ

೨ ಡಿಸೆಂಬರ್ ೨೦೨೪, ಸಂಭಾಜಿನಗರ

ಇವತ್ತಿಡೀ ನನ್ನ ಬಾಯಿಂದ ಬಂದ ಮಾತು ಒಂದೇ. ಹಾಜರಿ ಕರೆದಾಗ "ಪ್ರೆಸೆಂಟ್". ಅದೂ ಕೇಳಿಸದೆ ಸರ್ ಇನ್ನೊಮ್ಮೆ ಕೂಗಿದರು.

ಬಿಬಿಎ ಮೂರನೇ ವರ್ಷ, ಇಂಟರ್‌ನ್ಯಾಷನಲ್ ಬಿಸಿನೆಸ್. ಜಗತ್ತಿನ ಜೊತೆ ವ್ಯಾಪಾರ ಮಾಡಲು ಕಲಿಯುತ್ತಿರುವವಳಿಗೆ ಪಕ್ಕದ ಬೆಂಚಿನ ಜೊತೆ ಮಾತಿನ ವ್ಯವಹಾರವಿಲ್ಲ. ಬೆಳಿಗ್ಗೆಯ ಪಾಠ, ಪರದೇಶದವರ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದು. ಜಪಾನಿನವನಿಗೆ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಡಬೇಕು. ಅರಬನ ಕಡೆ ಅಂಗಾಲು ತೋರಿಸಿ ಕೂರಬಾರದು. ಎಲ್ಲರೂ ಬರೆದುಕೊಂಡರು. ಕಾಂಬಳೆ ಎಂಬ ಅಡ್ಡಹೆಸರಿನವಳ ಪಕ್ಕ ಹೇಗೆ ಕೂರಬೇಕು ಎಂಬುದು ಮಾತ್ರ ಸಿಲಬಸ್ಸಿನಲ್ಲಿಲ್ಲ. ಮೊದಲ ವರ್ಷ ಮೊದಲ ದಿನ "ಪೂರ್ತಿ ಹೆಸರೇನು?" ಅಂದರು. "ಅಶ್ವಿತಾ ಶಿವರಾಯ ಕಾಂಬಳೆ" ಅಂದೆ. ಅಡ್ಡಹೆಸರಿನಲ್ಲೇ ಅವರಿಗೆ ಹೊಲಗೇರಿ ಕಂಡಿತು, ಅಲ್ಲಿಗೆ ಪರಿಚಯ ಮುಗಿಯಿತು. ಥೂ, ಇವರ ಜಗತ್ತಿಗೆ ಬೆಂಕಿ ಬೀಳ!

ರೂಮಿನಲ್ಲಿರುವ ಇನ್ನಿಬ್ಬರು ಹುಡುಗಿಯರು ನಾನು ಬರೆಯುವುದನ್ನು ನೋಡಿ ನಗುತ್ತಾರೆ. "ಜಿಲೇಬಿ ಹಾಕ್ಲಿಕ್ಕೆ ಶುರು ಮಾಡಿದಳು." ಹಾಕುತ್ತೇನೆ. ಮರಾಠಿಯಲ್ಲಿ ಬರೆದರೆ ನೀವು ಓದುತ್ತೀರಿ, ಇಂಗ್ಲಿಷಿನಲ್ಲಿ ಬರೆದರೆ ತಪ್ಪು ಹುಡುಕುತ್ತೀರಿ. ಈ ಕನ್ನಡ ಅಕ್ಷರ ನನ್ನ ಬೀಗ. ಭಾಲ್ಕಿಯಲ್ಲಿ ಚಳವಳಿ ಮಾಡಿ, ಹೊಟ್ಟೆಪಾಡಿಗೆ ನಾಸಿಕದ ಹತ್ತಿರದ ಓಝರಿಗೆ ಬಂದು ವಿಮಾನದ ಬಿಡಿಭಾಗಕ್ಕೆ ಬಣ್ಣ ಹೊಡೆದ ಅಪ್ಪ, ಹಳೆಯ ಕರಪತ್ರ ಓದಿಸಿ ಕಲಿಸಿದ ಅಕ್ಷರ. ಉಳಿದ ಮಕ್ಕಳಿಗೆ 'ಅ' ಅಂದರೆ ಅರಸ. ನನಗೆ 'ಅ' ಅಂದರೆ ಅನ್ಯಾಯ.

ಅಪ್ಪ-ಅವ್ವ ಹೋದ ವರ್ಷ ಕೆಲಸ ಹುಡುಕಿ ಹೈದರಾಬಾದಿಗೆ ಹೋದರು. ದೀಪಾವಳಿಗೆ ಹೋಗಲು ನನಗೆ ಊರೆಂಬುದು ಯಾವುದು ಅನ್ನುವುದೇ ಗೊತ್ತಾಗಲಿಲ್ಲ. ಇಲ್ಲೇ ಉಳಿದೆ. ಮೆಸ್ಸಿನವನೂ ಬಾಗಿಲು ಹಾಕಿದ್ದ.

೯ ಡಿಸೆಂಬರ್

ತನ್ಮಯ ಮಾತಾಡಿಸಿದ!

ಮುಂದಿನ ಸಾಲಿನ ತನ್ಮಯ, ನಾಸಿಕದ ದ್ರಾಕ್ಷಿ ದೊಡ್ಡಕುಳಗಳ ಮನೆಯವನು. ವರಾಂಡದಲ್ಲಿ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮುಗಿಸುವವರೆಗೆ ಕಾದು ನಿಂತಿದ್ದ.

"ಅಗ ಅಶ್ವಿತಾ, ಅದು ಕಾನಡೀ ಏನು?"

ಮೂರು ವರ್ಷದಲ್ಲಿ ನನ್ನ ಹೆಸರು ಇವನಿಗೆ ಗೊತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಅವನ ಮಾಮಾನದು ನಾಸಿಕದ ದಿಂಡೋರಿ ರಸ್ತೆಯಲ್ಲಿ ದ್ರಾಕ್ಷಿ ಡಬ್ಬಿಗೆ ತುಂಬುವ ಪ್ಯಾಕ್‌ಹೌಸ್. ಹಣ್ಣು ಯುರೋಪಿಗೆ ಹೋಗುತ್ತದೆ. ಈ ಸಲ ಕೂಲಿಯಾಳು ತರುವ ಮುಕಾದಮ ಕಲಬುರಗಿ ಕಡೆಯ ಹೆಂಗಸರನ್ನು ಕರೆತಂದಿದ್ದಾನೆ. ಅವರ ಮಾತು ಇವರಿಗೆ ತಿಳಿಯದು, ಇವರದು ಅವರಿಗೆ ತಿಳಿಯದು. ಕೊನೆಯ ಸೆಮಿಸ್ಟರಿಗೆ ನಮಗೆ ಹೇಗೂ ಇಂಟರ್ನ್‌ಶಿಪ್ ಕಡ್ಡಾಯ. "ನೀನೇ ಬಾ ಯಾರ್. ಸರ್ಟಿಫಿಕೇಟ್, ಪ್ರಾಜೆಕ್ಟು ಎಲ್ಲ ಆಗ್ತದೆ. ಚೆನ್ನಾಗಿ ಮಾಡಿದರೆ ಮಾಮಾ ಎಕ್ಸ್‌ಪೋರ್ಟ್ ಸೆಕ್ಷನ್ನಿಗೇ ತಗೊಳ್ತಾರೆ."

ನನ್ನ ಕನ್ನಡ ಯಾರಿಗಾದರೂ ಬೇಕಾಗುತ್ತದೆ ಎಂದು ಅಂದುಕೊಂಡಿರಲಿಲ್ಲ. ಬಂಡವಾಳಶಾಹಿ ನಾಯಿ ಬಾಲ ಅಲ್ಲಾಡಿಸುವುದು ಮೂಳೆ ಕಂಡಾಗ. ಗೊತ್ತು. ಆದರೂ ಮೆಸ್ಸಿನಲ್ಲಿ ಇವತ್ತು ಎರಡು ಚಪಾತಿ ಹೆಚ್ಚು ತಿಂದೆ.

೮ ಜನವರಿ ೨೦೨೫, ದಿಂಡೋರಿ ರಸ್ತೆ, ನಾಸಿಕ್

ಕೋಲ್ಡ್ ಸ್ಟೋರೇಜಿನ ಮೇಲೆ ಒಂದು ಕೋಣೆ ಕೊಟ್ಟಿದ್ದಾರೆ. ಕೆಳಗೆ ಯಂತ್ರ ಸದಾ ಗುಂಯ್ ಅನ್ನುತ್ತದೆ. ಮಾತಾಡುವ ಮನುಷ್ಯರಿಲ್ಲದಾಗ ಅದೂ ಒಂದು ದನಿಯೇ.

ಹಾಲ್ ದೊಡ್ಡದು, ಒಳಗೆ ಕೊರೆಯುವ ತಂಪು. ಹಣ್ಣು ಬಾಡಬಾರದಲ್ಲ. ಉದ್ದ ಮೇಜುಗಳ ಎರಡೂ ಕಡೆ ಹೆಂಗಸರು ನಿಂತಿದ್ದಾರೆ. ತಲೆಗೆ ಜಾಲರಿ ಟೋಪಿ, ಸೀರೆಯ ಮೇಲೆ ಬಿಳಿ ಏಪ್ರನ್, ಕೈಗೆ ಗ್ಲೌಸು. ಬಳೆ ತೆಗೆಸಿದ್ದಾರೆ. ಗೊಂಚಲು ಎತ್ತುವುದು, ಕೆಟ್ಟ ಕಾಳನ್ನು ಕತ್ತರಿಯಲ್ಲಿ ಕಚಕ್ ಎಂದು ಬಿಡಿಸುವುದು, ತೂಕ ನೋಡಿ ಡಬ್ಬಿಗಿಡುವುದು. ಸಾಲು ನೋಡಿಕೊಳ್ಳುವವನು ಕ್ವಾಲಿಟಿ ಮ್ಯಾನೇಜರ್ ರಾಕೇಶ. ಮೂವತ್ತರ ಆಸುಪಾಸು, ಮಾತು ಬೆಣ್ಣೆ. ನನಗೆ "ಮ್ಯಾಡಮ್" ಅಂದ. ಜನ್ಮದಲ್ಲಿ ಮೊದಲ ಸಲ.

ಸಾಲಿನ ಹಿರಿಯಳು ಪ್ರೇಮಾಬಾಯಿ. ಚಿಂಚೋಳಿ ಕಡೆಯವಳು, ಎತ್ತರದ ಹೆಂಗಸು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಅದನ್ನೂ ತೆಗೆ ಎಂದಿದ್ದರಂತೆ. ಕತ್ತರಿ ಕೆಳಗಿಟ್ಟು ಗೇಟಿನತ್ತ ನಡೆದಳಂತೆ. ಆಮೇಲೆ ಏಪ್ರನ್ ಒಳಗಿರಲಿ ಎಂದು ಒಪ್ಪಿಕೊಂಡರು. ನಾನು ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಕತ್ತರಿಗಳೆಲ್ಲ ನಿಂತವು.

"ಏ ಯವ್ವಾ, ನಮ್ಮ ಮಾತ ಆಡ್ತದ ಈ ಕೂಸು! ಯಾ ಊರಾಕಿ ತಂಗಿ?"

"ಅಪ್ಪನ ಊರು ಭಾಲ್ಕಿರಿ. ನಾ ಇಲ್ಲೇ ಓಝರಿನಾಗ ಹುಟ್ಟೀನಿ."

"ಮತ್ತ ಹಂಗ್ಯಾಕ ತಡವರಿಸ್ತಿ? ಮಾತಿಗೂ ಥಂಡಿ ಹತ್ತ್ಯದೇನು?"

ಎಲ್ಲರೂ ನಕ್ಕರು. ರಾಕೇಶ ದೂರದಿಂದ ಗಡಿಯಾರ ತೋರಿಸಿದ. ಕತ್ತರಿಗಳು ಮತ್ತೆ ಶುರುವಾದವು.

೧೨ ಜನವರಿ, ಭಾನುವಾರ

ರಜೆ. ಓಝರಿಗೆ ಹೋಗಿದ್ದೆ. ನಾವು ಬಾಡಿಗೆಗಿದ್ದ ಮನೆಯ ಮುಂದೆ ಬೇರೆ ಯಾರದೋ ಮಗುವಿನ ಬಟ್ಟೆ ಒಣಗುತ್ತಿದ್ದವು. ಎದುರಿನ ಚಹಾದಂಗಡಿಯಲ್ಲಿ ಕೂತು ನೋಡಿದೆ. ಅಂಗಡಿಯವ ಗುರುತು ಹಿಡಿಯಲಿಲ್ಲ. ಇನ್ನೊಂದು ಚಹಾ ಕುಡಿದು ವಾಪಸ್ ಬಂದೆ.

೧೪ ಜನವರಿ

ಸಂಕ್ರಮಣ. ಹೆಂಗಸರು ತಾವಿರುವ ಶೆಡ್ಡಿನಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿದ್ದರು. ಪ್ರೇಮಾಬಾಯಿ ಕರೆದಳು. ಕೂತೆ. ಅವಳು ಕೇಳಿದಳು, ಸಹಜವಾಗಿ, ಮಳೆ ಬಂತೇ ಅಂದ ಹಾಗೆ:

"ನಿಮ್ಮದು ಯಾರ ಪೈಕಿ ತಂಗಿ?"

"ಕಾಂಬಳೆರಿ."

ರೊಟ್ಟಿ ಹಿಡಿದ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಆ ಕೈ ಒಂದು ಗೇಣು ಮೇಲೆದ್ದಿತು. ರೊಟ್ಟಿ ನನ್ನ ಅಂಗೈಗೆ ಮೇಲಿಂದ ಬಿತ್ತು. "ಉಣ್ಣವ್ವಾ" ಅಂದಳು, ಪ್ರೀತಿಯಿಂದಲೇ ಅಂದಳು. ಪ್ರೀತಿಯೂ ಮೇಲಿಂದಲೇ ಬೀಳುತ್ತದೆ ನಮಗೆ.

ಮುರುಕಲು ಶೆಡ್ಡಿನಲ್ಲಿ ಮಲಗುತ್ತಾರೆ, ಮುಕಾದಮನ ಬೈಗುಳ ತಿನ್ನುತ್ತಾರೆ, ಇವರಿಗೂ ನನಗಿಂತ ಒಂದು ಗೇಣು ಎತ್ತರ ಬೇಕು! ಇವರಿಗಾಗಿ ಕಣ್ಣೀರು ಹಾಕಬೇಕಂತೆ ನಾನು. ಹಾಕುವುದಿಲ್ಲ. ಪ್ರಾಜೆಕ್ಟು ಮುಗಿಸುತ್ತೇನೆ, ಸರ್ಟಿಫಿಕೇಟ್ ತೆಗೆದುಕೊಳ್ಳುತ್ತೇನೆ, ಹೋಗುತ್ತೇನೆ.

ರೊಟ್ಟಿ ತಿಂದೆ. ಚೆನ್ನಾಗಿತ್ತು. ಅದಕ್ಕೇ ಸಿಟ್ಟು.

೨೪ ಜನವರಿ

ನನ್ನನ್ನು ಕರೆಸಿದ್ದು ಯಾತಕ್ಕೆ ಎಂಬುದು ಇವತ್ತು ತಿಳಿಯಿತು.

ಮಾರ್ಚ್ ಮೊದಲ ವಾರ ನೆದರ್‌ಲ್ಯಾಂಡ್ಸಿನಿಂದ ತಪಾಸಣೆಗೆ ಬರುತ್ತಾರೆ. ಹಣ್ಣು ಕೊಳ್ಳುವ ಅಂಗಡಿಗಳ ಕಡೆಯವರು. ಕೂಲಿಕಾರರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು ಅವರದೇ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಕನ್ನಡಕ್ಕೆ ಅವರ ಹತ್ತಿರ ಜನವಿಲ್ಲ. ನಾನು ಕೂರಬೇಕು. ಅದಕ್ಕೂ ಮೊದಲು ಹೆಂಗಸರಿಗೆ ಉತ್ತರ ಕಲಿಸಬೇಕು.

"ಸುಳ್ಳು ಏನಿಲ್ಲ ಮ್ಯಾಡಮ್" ಅಂದ ರಾಕೇಶ. "ಇವರು ಊರುಕೇರಿ ಕಥೆ ಶುರು ಮಾಡ್ತಾರೆ. ಉತ್ತರ ಸಣ್ಣದಿರಲಿ ಅಷ್ಟೇ. ಹೌದು, ಇಲ್ಲ, ತೊಂದರೆ ಇಲ್ಲ."

ಹೆಚ್ಚಿನವು ಖರೇ ಸಂಗತಿಗಳೇ. ಗ್ಲೌಸು ಕೊಡುತ್ತಾರಾ? ಕೊಡುತ್ತಾರೆ. ಬೆಂಕಿ ಬಿದ್ದರೆ ಹೊರಗೆ ಹೋಗುವ ಬಾಗಿಲು ಗೊತ್ತಾ? ಗೊತ್ತು. ಒಂದು ಪ್ರಶ್ನೆ ಮಾತ್ರ ಹಾಗಲ್ಲ. ಬೇಕೆನಿಸಿದಾಗ ಶೌಚಕ್ಕೆ ಹೋಗಬಹುದಾ?

ರಾಕೇಶನ ಮೇಜಿನ ಹಿಂದೆ ಮೊಳೆಗೆ ಎರಡು ಕೆಂಪು ಪ್ಲಾಸ್ಟಿಕ್ ಬಿಲ್ಲೆ ತೂಗುತ್ತವೆ. ಇಡೀ ಸಾಲಿಗೆ ಎರಡೇ. ಒಂದಕ್ಕೆ ಹೋಗಬೇಕೆಂದರೆ ಅವನ ಮುಂದೆ ನಿಂತು ಬಿಲ್ಲೆ ಕೇಳಬೇಕು. ಎರಡೂ ಹೋಗಿದ್ದರೆ ಕಾಲು ಜೋಡಿಸಿಕೊಂಡು ಕತ್ತರಿ ಆಡಿಸಬೇಕು. ಟೋಪಿ, ಏಪ್ರನ್, ಗ್ಲೌಸು ತೆಗೆದು ಹೋಗಿ, ಬಂದು ಕೈ ತೊಳೆದು ಮತ್ತೆ ಹಾಕಿಕೊಳ್ಳುವುದಕ್ಕೆ ಹೊತ್ತು ಹಿಡಿಯುತ್ತದೆ, ಹಾಗಾಗಿ ಬಿಲ್ಲೆ ಎನ್ನುವುದು ಅವನ ಲೆಕ್ಕ. ತಪಾಸಣೆಯ ದಿನ ಬಿಲ್ಲೆಗಳು ಮೊಳೆಯ ಮೇಲೆ ಇರುವುದಿಲ್ಲ.

ನನಗೇನು? ನನಗೆ ಬಿಲ್ಲೆ ಬೇಕಿಲ್ಲ. ಆಫೀಸಿನ ಬಾತ್‌ರೂಮಿದೆ.

೩ ಫೆಬ್ರವರಿ

ಊಟದ ಬಿಡುವಿನಲ್ಲಿ ಪಾಠ ಮಾಡುತ್ತೇನೆ. ಪ್ರೇಮಾಬಾಯಿಯ ತಂಗಿಯ ಮಗಳು ಮುತ್ತು ಎಲ್ಲರಿಗಿಂತ ಚುರುಕು. ಮದುವೆಯಾಗಿ ವರ್ಷವಾಗಿಲ್ಲ, ಗಂಡ ಪುಣೆಯಲ್ಲಿ ಗಾರೆ ಕೆಲಸ. ನಾನು ತಪಾಸಣೆಯ ಮೇಡಂ ಆಗುತ್ತೇನೆ, ಅವಳು ಕೂಲಿಯವಳು.

"ಬೇಕಾದಾಗ ಬಾತ್‌ರೂಮಿಗೆ ಹೋಗಬಹುದೇನು?"

"ಹೌದ್ರಿ ಬಾಯಿಸಾಬ್, ಮನಸ್ಸಿಗಿ ಬಂದಾಗ ಹೋಗ್ತೀವ್ರಿ. ಬರಲಿಲ್ಲಂದ್ರೂ ಹೋಗ್ತೀವ್ರಿ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. "ಅಷ್ಟುದ್ದ ಬ್ಯಾಡ ಮುತ್ತು. ಹೌದ್ರಿ, ತೊಂದರೆ ಇಲ್ರಿ. ಅಷ್ಟೇ ಹೇಳು" ಅಂದೆ.

ಪ್ರೇಮಾಬಾಯಿ ನಗಲಿಲ್ಲ. "ಶಾಣ್ಯಾಕಿ ಆಗೀದಿ ತಂಗಿ" ಅಂದಳು. ಹೊಗಳಿದಳೋ ಹಂಗಿಸಿದಳೋ. ನನಗಂತೂ ಬಹಳ ದಿನದ ಮೇಲೆ ಹೊಟ್ಟೆ ನೋಯುವಷ್ಟು ನಗು ಬಂದಿತ್ತು.

೧೦ ಫೆಬ್ರವರಿ

ನಮ್ಮ ಕಂಟೇನರ್ ಹೊರಟಿತು, ಕಾಗದಪತ್ರ ನಾನು ನೋಡಿಕೊಂಡ ಮೊದಲನೆಯದು. ಬಾಗಿಲು ಹಾಕಿ ಸೀಲ್ ಒತ್ತಿದರು. ಮುಂಬೈ ಬಂದರು, ಅಲ್ಲಿಂದ ರಾಟರ್‌ಡ್ಯಾಮ್. ಹಡಗಿಗೆ ಏರಿದ ಗಳಿಗೆಯಿಂದ ಹಣ್ಣಿನ ಹೊಣೆ ನಮ್ಮದಲ್ಲ, ಕೊಂಡವರದು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣೆದುರು ಕಂಡೆ. ತನ್ಮಯ ಬಂದಿದ್ದ. ಕಾಗದಪತ್ರ ನಾನು ಸರಿಪಡಿಸಿದ್ದನ್ನು ಮಾಮಾನಿಗೆ ಹೇಳಿದ. ಮಾಮಾ ತಲೆಯಾಡಿಸಿ ಪೇಡಾ ಕೊಟ್ಟರು. ಕೈಗೆ ಕೊಟ್ಟರು, ಮೇಲಿಂದ ಬಿಡಲಿಲ್ಲ. ನಮ್ಮ ಪ್ಯಾಕ್‌ಹೌಸಿನ ಬಗ್ಗೆ ಸುಮ್ಮನೆ ಏನೇನೋ ಬರೆದಿದ್ದೆ ಮೊದಲು. ದೊಡ್ಡ ವ್ಯವಸ್ಥೆ ನಡೆಸುವಾಗ ಶಿಸ್ತು ಬೇಕಾಗುತ್ತದೆ.

ಅಪ್ಪನ ಫೋನು. ಅವರು ಹಿಂಗಂದರು, ಇವರು ಹಂಗಂದರು ಎಂದು ಹೇಳುತ್ತಿದ್ದೆ. ತಡೆದ. "ಅವರಂದದ್ದು ಇರ್ಲಿ ಅವ್ವಿ. ನೀ ಏನಂದಿ?"

ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟೆ.

೧೮ ಫೆಬ್ರವರಿ

ಮುತ್ತು ಬಿದ್ದಳು.

ಮೇಜಿನ ಮೇಲೆ ಕೈಯೂರಿ ನಿಂತವಳು ಹಾಗೇ ಜಾರಿದಳು. ಮೈ ಕೆಂಡ. ಎರಡು ದಿನದಿಂದ ಜ್ವರವಿತ್ತಂತೆ, ಹೇಳಿರಲಿಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು. ನಾನು ಅವಳ ತಲೆ ಹಿಡಿದುಕೊಂಡೆ. ಕ್ರೇಟು ಒಯ್ಯುವ ಟೆಂಪೋದಲ್ಲಿ ದಿಂಡೋರಿಯ ದವಾಖಾನೆಗೆ ಒಯ್ದೆವು. ಪ್ರೇಮಾಬಾಯಿ, ನಾನು, ಹಿಂದೆ ಖಾಲಿ ಕ್ರೇಟುಗಳು.

ಡಾಕ್ಟರಮ್ಮ ಮರಾಠಿಯಲ್ಲಿ ನನಗೇ ಬೈದಳು. ಉರಿಮೂತ್ರ ಕಿಡ್ನಿವರೆಗೆ ಹೋಗಿದೆ. ನೀರು ಕುಡಿಯುವುದಿಲ್ಲವಾ? ಕಟ್ಟಿಕೊಂಡಿರುತ್ತೀರಾ? ನಾನು ಕನ್ನಡಕ್ಕೆ ತಿರುಗಿಸಿ ಕೇಳಿದೆ.

ಮುತ್ತು ಗೋಡೆಯತ್ತ ಮುಖ ತಿರುವಿದಳು. ಪ್ರೇಮಾಬಾಯಿ ಹೇಳಿದಳು: "ಆ ಗಂಡಸಿನ ಮುಂದ ಕೈ ಚಾಚಿ ಒಂದಕ್ಕ ಹೋಗ್ತೀನ್ರಿ ಅನಬೇಕಲ್ಲ. ನಾ ಮುದುಕಿ, ಅಂತೀನಿ. ಇದು ಹೊಸ ಹೆಣ್ಣು, ನಾಚ್ತದ. ಮುಂಜಾನಿಂದ ಒಂದ ಹನಿ ನೀರ ಬಾಯಿಗಿ ಹಾಕಂಗಿಲ್ಲ. ಹಾಕಿದ್ರ ಬರ್ತದಲ್ಲ?"

ಮುತ್ತುವಿಗೆ ಸಲೈನ್ ಹಚ್ಚಿದರು. ಹಾಸಿಗೆಯ ಮೇಲೆ ಅವಳು ಒಂದು ಗೇಣು ಅಗಲ ಕಂಡಳು.

೨೦ ಫೆಬ್ರವರಿ

ರಾಕೇಶನಿಗೆ ಹೇಳಿದೆ, ಬಿಲ್ಲೆ ತೆಗೆದುಬಿಡಿ ಎಂದು. "ಮುತ್ತುವಿನ ಔಷಧಿ ನಾವೇ ಕೊಡಿಸಿದೆವಲ್ಲ ಮ್ಯಾಡಮ್. ಸೀಸನ್ ಮುಗಿಯಲಿ, ನೋಡೋಣ."

ಸರಿ ಅಂದೆ. ಯಾಕೆ ಸರಿ ಅಂದೆ?

೨೬ ಫೆಬ್ರವರಿ

ಶಿವರಾತ್ರಿ. ಹೆಂಗಸರೆಲ್ಲ ಉಪವಾಸ, ಕೆಲಸ ಮಾತ್ರ ಇದೆ. "ಊಟದ ಬಿಡುವು ಉಳಿಯಿತು" ಎಂದು ರಾಕೇಶ ಜೋಕ್ ಹೊಡೆದ. ಆಫೀಸಿನವರು ನಕ್ಕರು. ನನ್ನ ಮುಖವೂ ನಗುವಿನ ಆಕಾರಕ್ಕೆ ಬಂದದ್ದು ಕಿಟಕಿಯ ಗಾಜಿನಲ್ಲಿ ಕಂಡಿತು.

ಪಾಠ ಮಾಡಲು ಹೋದೆ. ಯಾರೂ ಬಾಯಿ ಬಿಡಲಿಲ್ಲ. ಮುತ್ತು ಇನ್ನೂ ಶೆಡ್ಡಿನಲ್ಲಿ ಮಲಗಿದ್ದಾಳೆ.

೩ ಮಾರ್ಚ್

ನಾಳೆ ತಪಾಸಣೆ. ಮೊಳೆಯ ಮೇಲಿಂದ ಬಿಲ್ಲೆ ತೆಗೆದರು. ಮೊಳೆಯನ್ನೂ ಕಿತ್ತರು.

ಹೆಂಗಸರು ನಾನು ಕಲಿಸಿದ್ದನ್ನೇ ಹೇಳಲಿ. ದೇವರೇ ಅನ್ನುವುದಿಲ್ಲ ನಾನು, ಆದರೂ ಹೇಳಲಿ. ಅವರು ಸುಳ್ಳು ಹೇಳಿದರೆ ನಾನು ಅದನ್ನು ಸರಿಯಾಗಿ ಇಂಗ್ಲಿಷಿಗೆ ತಿರುಗಿಸಿದಂತೆ ಆಗುತ್ತದೆ. ನನ್ನ ತಪ್ಪೇನೂ ಇರುವುದಿಲ್ಲ.

೪ ಮಾರ್ಚ್

ಇವತ್ತಿನದು ಇವತ್ತೇ ಬರೆಯಬೇಕು.

ತಪಾಸಣೆಗೆ ಬಂದವಳು ನಡುವಯಸ್ಸಿನ ಡಚ್ ಹೆಂಗಸು. ಬಿಸಿಲಿಗೆ ಮೂಗು ಕೆಂಪಗಾಗಿತ್ತು. ಒಳ್ಳೆಯವಳೇ. ಕಂಪನಿಯ ಹುಡುಗಿಯೇ ಮಾತು ತಿರುಗಿಸುವುದು ಸರಿಯಲ್ಲ ಎಂದು ಮೊದಲು ಗೊಣಗಿದಳು, ಬೇರೆ ಯಾರೂ ಸಿಗದೆ ಒಪ್ಪಿದಳು. ಸಣ್ಣ ಕೋಣೆ. ಒಂದು ಮೇಜು, ಮೂರು ಕುರ್ಚಿ. ಗಾಜಿನಾಚೆ ರಾಕೇಶ ಓಡಾಡುತ್ತಿದ್ದ, ಮಾತು ಅವನಿಗೆ ಕೇಳಿಸದು. ಕೇಳಿಸಿದರೂ ಕನ್ನಡ ಅವನಿಗೆ ತಿಳಿಯದು. ಆ ಕೋಣೆಯಲ್ಲಿ ಎರಡೂ ಮಾತು ಬಲ್ಲವಳು ನಾನೊಬ್ಬಳೇ. ಮೂರು ವರ್ಷ ಕೊನೆಯ ಬೆಂಚಿನಲ್ಲಿ ಕೂತಾಗಲೂ ನಾನು ಅಷ್ಟು ಒಂಟಿಯಾಗಿರಲಿಲ್ಲ.

ಮೊದಲು ಬಂದ ಇಬ್ಬರು ಕಲಿಸಿದ್ದನ್ನು ಒಪ್ಪಿಸಿದರು. ಹೌದ್ರಿ. ಇಲ್ರಿ. ತೊಂದರೆ ಇಲ್ರಿ. ಶಾಲೆಯ ಮಗ್ಗಿ. ಉಸಿರು ಬಿಟ್ಟೆ.

ಆಮೇಲೆ ಪ್ರೇಮಾಬಾಯಿ. ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಗ್ಲೌಸು, ಬಾಗಿಲು ಎಲ್ಲ ಆಯಿತು. ಬೇಕಾದಾಗ ಶೌಚಕ್ಕೆ ಹೋಗಬಹುದಾ ಎಂದು ಮೇಡಂ ಕೇಳಿದಳು, ನಾನು ಕನ್ನಡದಲ್ಲಿ ಹೇಳಿದೆ.

"ಹೆಂಗ ಹೋಗ್ಲಿ ತಾಯಿ?" ಎಂದು ಪ್ರೇಮಾಬಾಯಿ ಶುರು ಮಾಡಿದಳು. ನನ್ನನ್ನಲ್ಲ, ಮೇಡಂಳನ್ನು ನೋಡುತ್ತಾ. "ಎರಡು ಬಿಲ್ಲಿ ಅದಾವ. ನಿನ್ನಿ ಕಿತ್ತಿ ಮುಚ್ಚಿಟ್ಟಾರ. ಅವು ಆ ಗಂಡಸಿನ ಬೆನ್ನ ಹಿಂದ ತೂಗ್ತಾವ. ಕೇಳಬೇಕು. ಅಂವ ಗಡಿಯಾರ ನೋಡ್ತಾನ, ನಮ್ಮ ಮಾರಿ ನೋಡ್ತಾನ, ಆಮ್ಯಾಲ ಕೊಡ್ತಾನ. ನಾವು ನೀರು ಕುಡಿಯೋದಾ ಬಿಟ್ಟೀವಿ. ನಮ್ಮ ಮುತ್ತು ಬಿದ್ದು ದವಾಖಾನಿ ಕಂಡಾಳ, ಇನ್ನಾ ಎದ್ದಿಲ್ಲ. ಹಣ್ಣಿಗಿ ತಂಪು ಬೇಕಂತ ಮಷಿನ್ ಹಚ್ಚೀರಿ. ಆ ತಂಪಿಗಿ ನಮಗ ಘಳಿಗಿಗೊಮ್ಮಿ ಒಂದಕ್ಕ ಬರ್ತದ. ಅದಕ್ಕ ಏನು ಹಚ್ಚೀರಿ? ನೀ ಹೆಣ್ಣಮಗಳಿದ್ದಿ, ನೀ ಹೇಳು."

ಮೇಡಂ ನನ್ನತ್ತ ತಿರುಗಿದಳು.

ನನ್ನ ಬಾಯಿ ತೆರೆಯಿತು. ಇಂಗ್ಲಿಷಿನಲ್ಲಿ ಬಂತು: ಹೋಗಬಹುದಂತೆ, ತೊಂದರೆ ಏನೂ ಇಲ್ಲವಂತೆ.

ಯೋಚಿಸಿ ಹೇಳಿದ್ದಲ್ಲ. ಅದು ತಾನಾಗಿ ಬಂತು, ನಯವಾಗಿ, ಒಂದೂ ತಡವರಿಸದೆ. ತಿಂಗಳಿಡೀ ಕಲಿಸಿದವಳು ನಾನು. ಪೂರಾ ಕಲಿತವಳೂ ನಾನೇ.

ಮೇಡಂ ಮುಗುಳ್ನಕ್ಕು ಕಾಗದದ ಮೇಲೆ ಗುರುತು ಹಾಕಿದಳು. ಥ್ಯಾಂಕ್ಯೂ ಅಂದಳು. ಪ್ರೇಮಾಬಾಯಿ ಏಳಲಿಲ್ಲ.

"ಮುಗೀತೇನು?"

"ಮುಗೀತು ಕಾಕಿ."

"ನಾ ಇಷ್ಟುದ್ದ ಹೇಳಿನಿ. ನೀ ಇಷ್ಟಾ ಹೇಳಿದಿ." ಬೆರಳ ತುದಿ ತೋರಿಸಿದಳು. "ಇಂಗ್ಲಿಷು ಅಷ್ಟು ಸಣ್ಣ ಭಾಷೇನು? ನಮ್ಮ ಮುತ್ತು ಬಿದ್ದದ್ದು ಕೇಳಿ ಈ ಬಾಯಿ ನಗ್ತಾಳೇನು?"

ನಾನು ಮುಂದಿನವರ ಹೆಸರಿನ ಪಟ್ಟಿ ಎಳೆದುಕೊಂಡೆ.

"ನಾ ಏಳಂಗಿಲ್ಲ. ಇನ್ನೊಮ್ಮಿ ಹೇಳು. ಇದ್ದದ್ದು ಇದ್ದಂಗ ಹೇಳು."

ಗಾಜಿನಾಚೆ ರಾಕೇಶ ನಿಂತು ನೋಡುತ್ತಿದ್ದ. ಹೆಬ್ಬೆರಳು ಎತ್ತಿ ತೋರಿಸಿದ, ಎಲ್ಲ ಚೆನ್ನಾಗಿ ನಡೆದಿದೆಯಲ್ಲ ಎಂಬಂತೆ. ಮೇಡಂ ಏನಾಯಿತು ಎಂದು ಕೇಳಿದಳು. ನಾನು ಒಂದು ಸಲ ಇವಳ ಮುಖ, ಒಂದು ಸಲ ಅವಳ ಮುಖ ನೋಡಿದೆ.

ಹೇಳಿದೆ. ಮೊದಲು ಹೇಳಿದ್ದು ಸುಳ್ಳು, ಅದು ನನ್ನ ಸುಳ್ಳು, ಇವರದಲ್ಲ ಎಂದೆ. ಮೊದಲಿನ ಇಬ್ಬರು ಹೇಳಿದ್ದು ನಾನು ಬಾಯಿಪಾಠ ಮಾಡಿಸಿದ್ದು ಎಂದೆ. ಬಿಲ್ಲೆ ಹೇಳಿದೆ, ಮೊಳೆ ಹೇಳಿದೆ, ಗಡಿಯಾರ ಹೇಳಿದೆ, ಮುತ್ತುವಿನ ಕಿಡ್ನಿ ಹೇಳಿದೆ. ಹಣ್ಣಿಗೆ ತಂಪು ಹಚ್ಚಿದಿರಿ, ಇವರಿಗೆ ಏನು ಹಚ್ಚಿದಿರಿ ಎಂಬುದನ್ನು ಅವಳು ಕೇಳಿದ ದನಿಯಲ್ಲೇ ಕೇಳಿದೆ. ಇಂಗ್ಲಿಷು ಸಾಕಷ್ಟು ದೊಡ್ಡದಾಗಿಯೇ ಇತ್ತು. ನೀನು ಹೆಣ್ಣುಮಗಳು, ನೀನೇ ಹೇಳು ಎಂಬುದನ್ನೂ ಬಿಡಲಿಲ್ಲ.

ಮೇಡಂಳ ನಗು ಹೋಯಿತು. ಪೆನ್ನು ಕೆಳಗಿಟ್ಟಳು. ಗಾಜಿನ ಪರದೆ ಎಳೆದಳು. ಪ್ರೇಮಾಬಾಯಿ ಅವಳ ಮುಖ ನೋಡಿದಳು, ಹೂಂ ಅಂದಳು, ಆಮೇಲೆ ಎದ್ದಳು. ಏಳುವಾಗ ಆಸರೆಗೆ ನನ್ನ ಮುಂಗೈ ಹಿಡಿದಳು. ಗಟ್ಟಿ ಹಿಡಿತ. ಇನ್ನೂ ಕೆಂಪಗಿದೆ.

೫ ಮಾರ್ಚ್

ಕೋಣೆ ಖಾಲಿ ಮಾಡಿಸಿದರು. ಮಾಮಾ ಮುಖ ತೋರಿಸಲಿಲ್ಲ. ರಾಕೇಶ ಈ ಸಲ ಮ್ಯಾಡಮ್ ಅನ್ನಲಿಲ್ಲ. "ಉಂಡ ಎಲೆಯಲ್ಲಿ ಉಗುಳಿದೆ" ಅಂದ. ಎಲೆ ನಿನ್ನದು, ಬಡಿಸಿದವರು ಆ ಹೆಂಗಸರು, ಎಂದು ಹೇಳಬೇಕಿತ್ತು. ಬಸ್ಸು ನಿಫಾಡ ದಾಟಿದ ಮೇಲೆ ಹೊಳೆಯಿತು.

ತನ್ಮಯನ ಮೆಸೇಜು: "ನಿನ್ನನ್ನು ನಂಬಿ ಮಾಮಾನ ಮುಂದೆ ಹೆಸರು ಹೇಳಿದೆ. ಇನ್ನು ನನ್ನ ಜೊತೆ ಮಾತಾಡಬೇಡ." ಬ್ಲಾಕ್ ಮಾಡಿದ್ದಾನೆ. ಇದ್ದ ಒಬ್ಬನೂ ಹೋದ.

ಹೆಂಗಸರಿಗೆ ಹೇಳಿ ಬರಲು ಬಿಡಲಿಲ್ಲ. ಅವರನ್ನೂ ಓಡಿಸಿದರೆ? ನಾನು ಸತ್ಯ ಹೇಳಿ ಬಸ್ಸು ಹತ್ತಿದೆ. ಅವರು ಬಸ್ಸು ಹತ್ತಿ ಹೋಗುವುದೆಲ್ಲಿಗೆ?

೭ ಮಾರ್ಚ್

ಏನೂ ಇಲ್ಲ.

೧೭ ಮಾರ್ಚ್, ಸಂಭಾಜಿನಗರ

ಗೈಡ್ ಮೇಡಂ ಕರೆದಿದ್ದರು. ಸರ್ಟಿಫಿಕೇಟ್ ಇಲ್ಲದೆ ಪ್ರಾಜೆಕ್ಟು ಒಪ್ಪುವುದಿಲ್ಲ. ಸೆಮಿಸ್ಟರ್ ಮತ್ತೆ ಮಾಡಬೇಕು. ಅಂದರೆ ಪದವಿ ಮುಂದಿನ ವರ್ಷ. "ಕಂಪನಿಯ ಗುಟ್ಟು ಹೊರಗೆ ಹಾಕುವವಳನ್ನು ಯಾರು ಕೆಲಸಕ್ಕೆ ತಗೊಳ್ತಾರೆ?" ಅಂದರು.

ಹೆಂಗಸರು ಒಂದಕ್ಕೆ ಹೋಗುವುದು ಕಂಪನಿಯ ಗುಟ್ಟು ಹೇಗಾಗುತ್ತದೆ ಎಂದು ಕೇಳಿದೆ. ಪರದೇಶದ ಕೊಳ್ಳುವವರ ಷರತ್ತು ಪಾಲಿಸುವುದು ನಮ್ಮ ನಾಲ್ಕನೇ ಸೆಮಿಸ್ಟರಿನ ಪಾಠವಲ್ಲವಾ, ನಾನು ಅದನ್ನೇ ಪ್ರಾಜೆಕ್ಟಿನಲ್ಲಿ ಬರೆಯುತ್ತೇನೆ, ಫೇಲು ಮಾಡುವುದಾದರೆ ಕಾರಣ ಬರೆದು ಸಹಿ ಹಾಕಿ ಕೊಡಿ ಎಂದೆ. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಯಾಕೋ ತಿರುಗಿ ನೋಡಿದರು. ಹೊರಗೆ ಬಂದ ಮೇಲೆ ಗಂಟಲು ಕೆರೆಯಿತು. ಥಂಡಿ ಆಗಿರಬೇಕು.

ಅಪ್ಪನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ, ಮೊದಲ ಸುಳ್ಳನ್ನೂ.

"ವರ್ಷ ಹೋಯ್ತಲ್ಲ ಅಪ್ಪ."

"ಹೋಗ್ಲಿ. ವರ್ಷ ಮತ್ತ ಬರ್ತದ. ಉಂಡೀ ಏನು?"

ಆಮೇಲೆ ಅವ್ವ ಫೋನು ಕಿತ್ತುಕೊಂಡು ಅರ್ಧ ಬೈದಳು, ಅರ್ಧ ಅತ್ತಳು. ರೂಮಿನ ಹುಡುಗಿಯರು ಇಬ್ಬರೂ ಸಿನಿಮಾಕ್ಕೆ ಹೋಗಿದ್ದರು. ಎಂದಿನಂತೆ ಒಬ್ಬಳೇ.

೨೯ ಮಾರ್ಚ್

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು. ಎತ್ತಿದರೆ ಗುಡುಗಿನಂಥ ದನಿ, ನಲ್ಲಿಯ ಸದ್ದು.

"ಯಾರು, ತಂಗೀನಾ? ನಾ ಪ್ರೇಮಾಬಾಯಿ."

ಎದ್ದು ನಿಂತೆ. ಎಲ್ಲಿದ್ದೀರಿ, ನಿಮ್ಮನ್ನು ಊರಿಗೆ ಕಳಿಸಿಬಿಟ್ಟರಾ, ಇದು ಕೆಲಸದ ಹೊತ್ತಲ್ಲವಾ, ಒಂದೇ ಉಸಿರಿನಲ್ಲಿ ಕೇಳಿದೆ.

"ಎಲ್ಲಿ ಕಳಿಸ್ತಾರ? ಹಣ್ಣು ತೋಟದಾಗ ಕಾಯ್ತದೇನು? ನಮ್ಮಂಗ ಕತ್ತರಿ ಹಿಡಿಯೋರು ಈಗ ಎಲ್ಲಿ ಸಿಗ್ತಾರ ಇವರಿಗಿ? ಇಲ್ಲೇ ಇದ್ದೀವಿ. ಆ ಬಾಯಿ ಬರದು ಹೋಗ್ಯಾಳಂತ, ಸುಧಾರಿಸಲಿಲ್ಲಂದ್ರ ಹಣ್ಣು ತಗೊಳ್ಳಂಗಿಲ್ಲಂತ. ರಾಕೇಶನ ಜಾಗಾದಾಗ ಒಬ್ಬ ಹೆಣ್ಣಮಗಳನ್ನ ಹಾಕ್ಯಾರ. ಬಿಲ್ಲಿ ತೆಗದಾರ. ಮಾರಿ ಮಾತ್ರ ಗಂಟು ಹಾಕ್ಕೊಂಡಾರ ಎಲ್ಲಾರೂ. ಹಾಕ್ಕೋಳ್ಳಿ. ಮುಂದಿನ ವರ್ಷ ನಮ್ಮನ್ನ ಕರೆಯಂಗಿಲ್ಲ, ಗೊತ್ತದ ನನಗ."

"ಕಾಕಿ, ಒಳಗೆ ಮೊಬೈಲ್ ತರೋ ಹಾಗಿಲ್ಲವಲ್ಲ. ಎಲ್ಲಿಂದ ಮಾತಾಡ್ತಿದ್ದೀರಿ?"

"ಸಂಡಾಸಿನ್ಯಾಗಿಂದ! ಕುಬುಸದಾಗ ಇಟ್ಕೊಂಡು ತಂದೀನಿ."

"ಯಾಕ್ರಿ, ಮೈಯಾಗ ಆರಾಮಿಲ್ಲೇನು?"

"ಎಲ್ಲಾ ಆರಾಮದ. ಒಂದಕ್ಕೂ ಬಂದಿಲ್ಲ, ಎರಡಕ್ಕೂ ಬಂದಿಲ್ಲ. ಸುಮ್ಮ ಬಂದೀನಿ. ಕತ್ತರಿ ಇಟ್ಟಿನಿ, ಎದ್ದಿನಿ, ಬಂದಿನಿ. ಯಾರನ್ನೂ ಕೇಳಿಲ್ಲ."

ಅವಳು ನಗತೊಡಗಿದಳು. ಸಣ್ಣ ಕೋಣೆಯಲ್ಲಿ ನಗು ನಾಲ್ಕು ಪಟ್ಟಾಗಿ ಕೇಳಿಸುತ್ತಿತ್ತು. ಯಾರೋ ಬಾಗಿಲು ಬಡಿದರು. ಮುತ್ತುವಿನ ದನಿ.

"ದೊಡ್ಡವ್ವಾ, ಲಗೂನ ಹೊರಗ ಬಾ! ನನಗ ಖರೇನ ಬಂದದ!"

"ಬಾಜೂದಾಗ ಇನ್ನೊಂದು ಖಾಲಿ ಅದಲ್ಲ, ಅಲ್ಲಿ ಹೋಗ!" ಎಂದು ಕೂಗಿ, ಮತ್ತೆ ನನಗೆ ಅಂದಳು, ಪುರುಸೊತ್ತಾಗಿ ಕುಳಿತವರ ದನಿಯಲ್ಲಿ, "ನೀ ಮಾತಾಡು ತಂಗಿ."

"ಏನು ಮಾತಾಡಲಿ ಕಾಕಿ?"

"ಏನರ ಮಾತಾಡು. ಹೊತ್ತು ಅದ."

ಮಾತಾಡಿದೆ.